ಗೋಡೆ ಒಡೆಯದೆ ಕ್ಯಾಮೆರಾ: ಕೆಲಸ ಎಲ್ಲಿಗೆ ಬಂತು

ನಾಲ್ಕು ಕ್ಯಾಮೆರಾಗಳಲ್ಲಿ ಮೂರು ಈಗ ಓಡುತ್ತಿವೆ. ಮುಂಬಾಗಿಲು, ಹಿತ್ತಲು, ತಾರಸಿ ಮೆಟ್ಟಿಲು ಮುಗಿದವು. ಉಳಿದಿರುವುದು ಗೇಟಿನ ಪಕ್ಕದ ಶೆಡ್. ಇಲ್ಲಿವರೆಗೆ ಒಂದು ಗೋಡೆಯನ್ನೂ ಒಡೆದಿಲ್ಲ, ಮನೆಯೊಳಗೆ ಒಂದು ಕೇಸಿಂಗ್ ಪಟ್ಟಿಯನ್ನೂ ಹೊಡೆದಿಲ್ಲ. ಹೊಸ ವೈರ್ ಯಾರ ಕಣ್ಣಿಗೂ ಬೀಳಬಾರದು ಅನ್ನೋದು ಶುರುವಿನಲ್ಲೇ ಹಾಕಿಕೊಂಡ ಷರತ್ತು.

ಸುಮ್ನೆ ವೈಫೈ ಕ್ಯಾಮೆರಾ ಹಾಕಬಹುದಿತ್ತು ಅಲ್ವಾ ಅಂತ ನೋಡಿದವರೆಲ್ಲ ಕೇಳುತ್ತಾರೆ. ವೈಫೈ ಕ್ಯಾಮೆರಾಗೂ ಕರೆಂಟ್ ಬೇಕಲ್ಲ. ಗೋಡೆಯ ತುದಿಯಲ್ಲಿ, ಸಜ್ಜೆಯ ಕೆಳಗೆ ಪ್ಲಗ್ ಪಾಯಿಂಟ್ ಎಲ್ಲಿರುತ್ತದೆ? ಹೇಗಿದ್ದರೂ ಒಂದು ವೈರ್ ಹೋಗಲೇಬೇಕು. ಹೋಗುವ ವೈರಿನಲ್ಲೇ ಕರೆಂಟೂ ಹೋಗಲಿ, ಚಿತ್ರವೂ ಬರಲಿ ಅನ್ನೋದು ನನ್ನ ಲೆಕ್ಕ. ಬ್ಯಾಟರಿ ಕ್ಯಾಮೆರಾಗಳಿವೆ, ಆದರೆ ಹೆಚ್ಚಿನವು ಏನಾದರೂ ಅಲುಗಾಡಿದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಅಷ್ಟರಲ್ಲಿ ಬಂದವನು ಅರ್ಧ ಅಂಗಳ ದಾಟಿರಬಹುದು. ನನಗೆ 24 ಗಂಟೆಯೂ ರೆಕಾರ್ಡ್ ಆಗುವುದು ಬೇಕಿತ್ತು.

ಹಾಗಾಗಿ ಪಿಒಇ (ಪವರ್ ಓವರ್ ಈಥರ್ನೆಟ್). ಅಂದರೆ ಲ್ಯಾನ್ ಕೇಬಲ್‌ನಲ್ಲೇ ಕ್ಯಾಮೆರಾಗೆ ಕರೆಂಟ್ ಕೊಡುವ ವ್ಯವಸ್ಥೆ. ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಅನ್ನುತ್ತಾರೆ. 2003ರಲ್ಲಿ ಬಂದ 802.3ಎಎಫ್ ಅನ್ನುವ ಮಾನದಂಡದ ಪ್ರಕಾರ ಅದು ಒಂದು ಪೋರ್ಟಿಗೆ, ಅಂದರೆ ಒಂದು ಕೇಬಲ್ ಸಿಕ್ಕಿಸುವ ಕಿಂಡಿಗೆ, 15.4 ವ್ಯಾಟ್‌ವರೆಗೆ ಕೊಡುತ್ತದೆ. ಕೇಬಲ್‌ನಲ್ಲಿ ಸೋರಿ ಆಚೆ ತುದಿಗೆ ಗ್ಯಾರಂಟಿಯಾಗಿ ಸಿಗುವುದು 12.95 ವ್ಯಾಟ್. ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡರೂ ಸಾಮಾನ್ಯ ಬುಲೆಟ್, ಡೋಮ್ ಕ್ಯಾಮೆರಾಗಳಿಗೆ ಅದು ಸಾಕು. ತಿರುಗುವ ಕ್ಯಾಮೆರಾ ಬೇಕೆಂದರೆ 30 ವ್ಯಾಟ್ ಕೊಡುವ 802.3ಎಟಿ ಸ್ವಿಚ್ ನೋಡಬೇಕಾಗಬಹುದು. ಕೇಬಲ್ 100 ಮೀಟರ್ ಮೀರಬಾರದು, ಮನೆಯೊಳಗೆ ಅದು ತೊಂದರೆಯಲ್ಲ.

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. ಸ್ವಿಚ್, ರೂಟರ್, ರೆಕಾರ್ಡರ್ ಮೂರೂ ಒಂದೇ ಶೆಲ್ಫಿನಲ್ಲಿ, ಒಂದೇ ಯುಪಿಎಸ್ ಮೇಲೆ ಕೂತಿವೆ. ಮನೆಯಲ್ಲಿ ಕರೆಂಟ್ ಹೋದರೂ ಕ್ಯಾಮೆರಾಗಳು ನಡೆಯುತ್ತಲೇ ಇರುತ್ತವೆ.

ಮುಂಬಾಗಿಲು

ಮನೆಯಲ್ಲಿ ಆಗಲೇ ಯಾವ್ಯಾವ ದಾರಿಗಳಿವೆ ಅಂತ ಹುಡುಕುತ್ತಾ ಹೋದಾಗ ಮೊದಲು ಸಿಕ್ಕಿದ್ದು ಹಳೆ ಲ್ಯಾಂಡ್‌ಲೈನ್ ಪೈಪ್. ಫೋನ್ ಯಾವತ್ತೋ ನಿಂತಿದೆ. ಆದರೆ ಹಾಲ್‌ನಿಂದ ಮುಂಬಾಗಿಲ ಮೇಲಿನವರೆಗೆ ಗೋಡೆಯೊಳಗೇ ಪೈಪ್ ಇದೆ, ಅದರೊಳಗೆ ತೆಳು ಟೆಲಿಫೋನ್ ವೈರ್ ಇನ್ನೂ ಮಲಗಿದೆ. ಆ ವೈರನ್ನೇ ಹಗ್ಗ ಮಾಡಿಕೊಂಡೆ.

ಗಂಟು ಕಟ್ಟುವುದರಲ್ಲೇ ಎಲ್ಲ ಇದೆ. ಲ್ಯಾನ್ ಕೇಬಲ್‌ನ ಹೊರ ಸಿಪ್ಪೆಯನ್ನು ಅರ್ಧ ಅಡಿ ಸುಲಿದು, ಒಳಗಿನ ನಾಲ್ಕು ಜೋಡಿಯಲ್ಲಿ ಎರಡನ್ನು ಕತ್ತರಿಸಿದೆ. ಉಳಿದೆರಡನ್ನು ಫೋನ್ ವೈರಿಗೆ ಕೊಂಡಿಯ ಹಾಗೆ ಹೆಣೆದು, ಅದರ ಮೇಲೆ ಇನ್ಸುಲೇಷನ್ ಟೇಪನ್ನು ಎಳೆದೆಳೆದು ಸುತ್ತಿದೆ. ಮುಂದೆ ಚೂಪಾಗಿ, ಹಿಂದಕ್ಕೆ ಹೋಗ್ತಾ ದಪ್ಪವಾಗಬೇಕು. ಎಲ್ಲೂ ಮೆಟ್ಟಿಲಿನ ಥರ ಏರು ಇರಬಾರದು, ಇದ್ದರೆ ಬೆಂಡಿನಲ್ಲಿ ಕಚ್ಚಿಕೊಳ್ಳುತ್ತದೆ. ತುದಿಯ ಪ್ಲಗ್ಗನ್ನು, ಅಂದರೆ ಆರ್‌ಜೆ45 ಕನೆಕ್ಟರನ್ನು, ಕೇಬಲ್ ಎಳೆದಾದ ಮೇಲೆ ಒತ್ತಿ ಕೂರಿಸಬೇಕು (ಕ್ರಿಂಪ್), ಅದು ಪೈಪಿನಲ್ಲಿ ತೂರುವುದಿಲ್ಲ.

ಒಳಗಿಂದ ನಾನು ತಳ್ಳುವುದು, ಹೊರಗಿಂದ ತಮ್ಮ ಎಳೆಯುವುದು. ಎರಡನೇ ಬೆಂಡಿನಲ್ಲಿ ನಿಂತಿತು. "ಅಕ್ಕಾ, ಸಿಕ್ಕಾಕೊಂಡಿದೆ, ಸ್ವಲ್ಪ ಹಿಂದಕ್ಕೆ ಎಳ್ಕೋ" ಅಂದ. ಒಂದು ಗೇಣು ಹಿಂದಕ್ಕೆ ಎಳೆದು, ಕೇಬಲನ್ನು ಬೆರಳಲ್ಲಿ ಅರ್ಧ ಸುತ್ತು ತಿರುಗಿಸಿ ಮತ್ತೆ ತಳ್ಳಿದಾಗ ಜಾರಿಕೊಂಡು ಹೋಯಿತು. ಇಲ್ಲಿ ಜೋರು ತೋರಿಸಬಾರದು. ನಾಲ್ಕು ಜೋಡಿಯ ಲ್ಯಾನ್ ಕೇಬಲನ್ನು ಸುಮಾರು 110 ನ್ಯೂಟನ್‌ಗಿಂತ, ಅಂದರೆ 11 ಕಿಲೋ ಭಾರಕ್ಕಿಂತ ಜಾಸ್ತಿ ಎಳೆಯಬಾರದು ಅಂತ ಮಿತಿಯಿದೆ. ಮೀರಿದರೆ ಒಳಗಿನ ಹುರಿ ಸಡಿಲವಾಗಿ ವೇಗ ಬೀಳಬಹುದು, ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೇಬಲ್ ಜೊತೆಗೇ ಒಂದು ನೈಲಾನ್ ದಾರವನ್ನೂ ಎಳೆದು ಬಿಟ್ಟಿದ್ದೇನೆ, ಮುಂದೆ ಇನ್ನೊಂದು ಕೇಬಲ್ ಬೇಕಾದರೆ ದಾರಿ ಸಿದ್ಧ.

ಕೇಬಲ್ ಕೊಳ್ಳುವಾಗ ಒಂದು ವಿಷಯ ದಯವಿಟ್ಟು ನೋಡಿ. ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಹೊರಗಿನಿಂದ ಅಸಲಿಯ ಹಾಗೇ ಕಾಣುತ್ತದೆ. ಎಳೆಯ ತುದಿಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಹೊಳೆಯುತ್ತದೆ. ಅದರಲ್ಲಿ ಪಿಒಇ ಕರೆಂಟ್ ಹರಿಸಿದರೆ ನಷ್ಟ ಜಾಸ್ತಿ, ಬಿಸಿಯೂ ಜಾಸ್ತಿ, ಬಗ್ಗಿಸಿದಲ್ಲಿ ಮುರಿಯುವುದೂ ಬೇಗ. ಗೋಡೆಯೊಳಗೆ ಹೋಗುವುದಕ್ಕೆ ಶುದ್ಧ ತಾಮ್ರವೇ ಇರಲಿ. 230 ವೋಲ್ಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಲ್ಯಾನ್ ಕೇಬಲ್ ಹಾಕಲೇಬೇಡಿ. ಜಾಗವಿದೆ ಅಂತ ಆಸೆಯಾಗುತ್ತದೆ, ಆದರೆ ಅದು ಅಪಾಯ.

ಹಿತ್ತಲು, ತಾರಸಿ

ಹಿತ್ತಲಿನದು ಸುಲಭವಾಯಿತು. ಎಸಿ ಪೈಪ್ ಹೋಗುವ ತೂತಿನಲ್ಲಿ ಸಂದು ಇತ್ತು, ಅಲ್ಲಿಂದಲೇ ಕೇಬಲ್ ಆಚೆ ಹೋಯಿತು. ಹೊರಗೆ ಕೇಬಲ್ ತೂತಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವ ಹಾಗೆ ಜೋಲು ಬಿಟ್ಟಿದ್ದೇನೆ. ಮಳೆ ನೀರು ಆ ಜೋಲಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಕೇಬಲ್ ಹಿಡಿದುಕೊಂಡು ಒಳಗೆ ಬರುವುದಿಲ್ಲ.

ತಾರಸಿಯಿಂದ ಹಾಲ್‌ಗೆ ಹಳೇ ಡಿಶ್ ಕೇಬಲ್ ಇತ್ತು. ಅದರ ಎರಡು ತುದಿಗೆ ಈಥರ್ನೆಟ್-ಓವರ್-ಕೋಆಕ್ಸ್, ಅಂದರೆ ಡಿಶ್ ಕೇಬಲ್‌ನಲ್ಲೇ ನೆಟ್‌ವರ್ಕ್ ಡೇಟಾ ಕಳಿಸುವ ಅಡಾಪ್ಟರ್ ಜೋಡಿ ಹಾಕಿದೆ. ಪಿಒಇ ದಾಟಿಸುವ ಮಾದರಿಯನ್ನೇ ಆರಿಸಿಕೊಂಡದ್ದರಿಂದ ಮೇಲೆ ಪ್ಲಗ್ ಬೇಕಾಗಲಿಲ್ಲ. ನಡುವೆ ಕೇಬಲನ್ನು ಕವಲಾಗಿಸುವ ಸ್ಪ್ಲಿಟರ್ ಇದ್ದರೆ ತೆಗೆದು ನೇರ ಜೋಡಿಸಬೇಕು. ಡಿಶ್ ಇನ್ನೂ ಬಳಕೆಯಲ್ಲಿದ್ದರೆ ಈ ದಾರಿ ಮರೆತುಬಿಡಿ. ಒಂದೇ ಕೇಬಲ್‌ನಲ್ಲಿ ಎರಡೂ ಸಿಗ್ನಲ್ ಹೊಡೆದಾಡುತ್ತವೆ.

ರಾತ್ರಿಯ ಚಿತ್ರ

ತಾರಸಿ ಕ್ಯಾಮೆರಾದಲ್ಲಿ ಹಗಲು ಮೆಟ್ಟಿಲ ಅಂಚು ಕೂಡ ಸ್ಪಷ್ಟ. ರಾತ್ರಿ ಮಾತ್ರ ಎಡಗಡೆಯೆಲ್ಲ ಬೆಳ್ಳಗೆ ಮಂಜು. ಪಕ್ಕದ ಸುಣ್ಣದ ಗೋಡೆ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಲೆನ್ಸಿಗೇ ಹೊಡೆಯುತ್ತಿತ್ತು. ಎದುರಿನ ಬೆಳಕಿಗೆ ಕ್ಯಾಮೆರಾ ಎಕ್ಸ್‌ಪೋಷರ್ ಇಳಿಸಿಕೊಳ್ಳುತ್ತದೆ, ಆಗ ದೂರದಲ್ಲಿರುವುದೆಲ್ಲ ಕಪ್ಪಾಗುತ್ತದೆ. ಬ್ರಾಕೆಟ್ ಸಡಿಲಿಸಿ, ಫೋನಿನಲ್ಲಿ ಚಿತ್ರ ನೋಡುತ್ತಾ, ಗೋಡೆ ಚೌಕಟ್ಟಿನಿಂದ ಆಚೆ ಹೋಗುವವರೆಗೆ ಬಲಕ್ಕೆ ತಿರುಗಿಸಿದೆ. ಈಗ ಮೆಟ್ಟಿಲಿನ ಬುಡದವರೆಗೂ ಕಾಣುತ್ತದೆ. ಜೇಡರ ಬಲೆಯೂ ಇದೇ ಕೆಲಸ ಮಾಡುತ್ತದೆ, ಆಗಾಗ ಬ್ರಷ್ ಆಡಿಸುತ್ತಿರಬೇಕು. ಹಾಗೇ ಪಕ್ಕದ ಮನೆಯ ಕಿಟಕಿ ಕಾಣುವ ಭಾಗಕ್ಕೆ ಕಪ್ಪು ಮಾಸ್ಕ್ ಹಾಕಿದೆ. ನಮ್ಮ ಕಾವಲಿಗೆ ಅವರ ಮನೆಯೊಳಗು ಬೇಕಾಗಿಲ್ಲ.

ನೆಟ್‌ವರ್ಕ್

ವೈರ್ ಎಳೆಯುವುದಕ್ಕಿಂತ ಇಲ್ಲಿ ಜಾಸ್ತಿ ಹೊತ್ತು ಕೂತೆ, ಕೂರಲೇಬೇಕಾದ ಜಾಗವೂ ಇದೇ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶದಿಂದ ಆದ ದಾಳಿಯ ನೆನಪಿದೆಯಲ್ಲ? ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಐಪಿ ಕ್ಯಾಮೆರಾ, ಡಿವಿಆರ್ (ವಿಡಿಯೊ ರೆಕಾರ್ಡರ್), ರೂಟರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡು, ಆ ಅಕ್ಟೋಬರ್‌ನಲ್ಲಿ ಡೈನ್ ಕಂಪನಿಯ ಡಿಎನ್‌ಎಸ್ ಸೇವೆಯ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಮೇಲೆ ನುಗ್ಗಿಸಿದರು. ಟ್ವಿಟರ್‌ನಂಥ ದೊಡ್ಡ ತಾಣಗಳೇ ಗಂಟೆಗಟ್ಟಲೆ ಸಿಗಲಿಲ್ಲ. ಮನೆ ಕಾಯಲಿ ಅಂತ ಹಾಕಿದ ಪೆಟ್ಟಿಗೆಯಿಂದ ಆದ ಕೆಲಸ ಅದು.

ನಮ್ಮ ಮನೆಯಲ್ಲಿ ಕ್ಯಾಮೆರಾಗಳಿಗೆ ಬೇರೆಯದೇ ವಿಎಲ್‌ಎಎನ್, ಅಂದರೆ ಅದೇ ನೆಟ್‌ವರ್ಕಿನೊಳಗೆ ಬೇಲಿ ಹಾಕಿದ ಪ್ರತ್ಯೇಕ ಭಾಗ. ಅಲ್ಲಿಂದ ರೆಕಾರ್ಡರ್ ಮಾತ್ರ ಸಿಗುತ್ತದೆ, ಇಂಟರ್ನೆಟ್ ಸಿಗುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡ್, ರೂಟರ್‌ನಲ್ಲಿ ಕಾಯ್ದಿರಿಸಿದ ಐಪಿ ವಿಳಾಸ. ಒಳಗಿನ ಸಾಧನಗಳು ಕೇಳಿದಾಗ ತಾನಾಗೇ ಹೊರಬಾಗಿಲು ತೆರೆಯುವ ರೂಟರ್‌ನ ಯುಪಿಎನ್‌ಪಿ ಬಂದ್ ಮಾಡಿದ್ದೇನೆ, ಪೋರ್ಟ್ ಫಾರ್ವರ್ಡಿಂಗ್ (ಅದೇ ಬಾಗಿಲನ್ನು ಕೈಯಾರೆ ತೆರೆಯುವುದು) ಮೂಲಕ ಕ್ಯಾಮೆರಾವನ್ನು ಹೊರಗೆ ತೆರೆದಿಟ್ಟಿಲ್ಲ. ಹೊರಗಿಂದ ನೋಡಬೇಕಾದರೆ ವೈರ್‌ಗಾರ್ಡ್ ವಿಪಿಎನ್, ಅಂದರೆ ಮನೆಯ ನೆಟ್‌ವರ್ಕಿಗೆ ಬರುವ ಗೂಢಲಿಪಿಯ ಖಾಸಗಿ ದಾರಿಯ ಮೂಲಕ ಬರಬೇಕು. ಇಂಟರ್ನೆಟ್ ಕಡಿದ ಮೇಲೆ ಕ್ಯಾಮೆರಾ ಗಡಿಯಾರ ನಿಧಾನಕ್ಕೆ ಹಿಂದೆಮುಂದೆ ಆಗುತ್ತದೆ, ಅದಕ್ಕೆ ರೆಕಾರ್ಡರನ್ನೇ ಎನ್‌ಟಿಪಿ ಸರ್ವರ್, ಅಂದರೆ ಸಮಯ ಹೇಳುವ ಯಂತ್ರ, ಮಾಡಿದ್ದೇನೆ. ಸಮಯ ತಪ್ಪಾಗಿರುವ ರೆಕಾರ್ಡಿಂಗ್ ಬೇಕಾದ ದಿನ ಕೈಕೊಡುತ್ತದೆ. ಬೇರೆ ಬೇರೆ ಕಂಪನಿಯ ಕ್ಯಾಮೆರಾಗಳಾದರೂ ಎಲ್ಲಕ್ಕೂ ಆನ್‌ವಿಫ್ (ಕಂಪನಿ ಬೇರೆಯಾದರೂ ಒಟ್ಟಿಗೆ ಕೆಲಸ ಮಾಡಿಸುವ ಸಾಮಾನ್ಯ ಮಾನದಂಡ) ಬೆಂಬಲ ಇದ್ದುದರಿಂದ ರೆಕಾರ್ಡರ್ ತಕರಾರಿಲ್ಲದೆ ಗುರುತು ಹಿಡಿಯಿತು.

ಹಾರ್ಡ್ ಡಿಸ್ಕ್ ಲೆಕ್ಕ ಹೀಗಿದೆ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸಿದರೆ ದಿನಕ್ಕೆ ಸುಮಾರು 43 ಜಿಬಿ. ನಾಲ್ಕಕ್ಕೆ 173. ಎರಡು ಟಿಬಿ ಡಿಸ್ಕ್‌ನಲ್ಲಿ 11 ದಿನ ಉಳಿಯುತ್ತದೆ. ವಿಡಿಯೊ ಕುಗ್ಗಿಸುವ ವಿಧಾನವಾಗಿ ಎಚ್.264 ಬದಲು ಎಚ್.265 ಇಟ್ಟರೆ ಅದೇ ಚಿತ್ರಕ್ಕೆ ಹೆಚ್ಚುಕಡಿಮೆ ಅರ್ಧ ಜಾಗ ಸಾಕು.

ಉಳಿದದ್ದು: ಶೆಡ್

ಅಲ್ಲಿಗೆ ಮನೆಯ ಬೋರ್ಡಿನಿಂದ ಕರೆಂಟ್ ಲೈನ್ ಇದೆ, ಬೇರೇನೂ ಇಲ್ಲ. ಆ ಲೈನ್ ಮೇಲೇ ಡೇಟಾ ಕಳಿಸುವ ಪವರ್‌ಲೈನ್ ಅಡಾಪ್ಟರ್ ಜೋಡಿಯನ್ನು ಈಗ ಪರೀಕ್ಷೆ ಮಾಡುತ್ತಿದ್ದೇನೆ. ಎರಡೂ ಒಂದೇ ಫೇಸ್‌ನಲ್ಲಿದ್ದರೆ ಒಳ್ಳೆಯದು, ನೇರ ಗೋಡೆಯ ಸಾಕೆಟ್‌ಗೇ ಹಾಕಬೇಕು. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಈ ಸಿಗ್ನಲನ್ನೇ ನುಂಗಿಬಿಡುತ್ತದೆ. ಡಬ್ಬದ ಮೇಲೆ ಬರೆದ ವೇಗ ಸಿಗುವುದಿಲ್ಲ, ಆದರೆ ಒಂದು ಕ್ಯಾಮೆರಾಗೆ ಬೇಕಾದದ್ದು ಅದರಲ್ಲಿ ಚೂರು ಪಾಲು. ನೋಡಬೇಕಾದದ್ದು ನೀರಿನ ಮೋಟಾರ್ ಓಡುವಾಗ ಚಿತ್ರ ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನು. ನಿಂತರೆ, ಮನೆಯ ಸಜ್ಜೆಯಿಂದ ಶೆಡ್‌ಗೆ ನೇರ ನೋಟ ಇರುವುದರಿಂದ 5 ಗಿಗಾಹರ್ಟ್ಸ್ ವೈರ್‌ಲೆಸ್ ಬ್ರಿಡ್ಜ್, ಅಂದರೆ ಎದುರುಬದುರು ಕೂತು ವೈರಿಲ್ಲದೆ ಡೇಟಾ ದಾಟಿಸುವ ಸಾಧನದ ಜೋಡಿ, ಹಾಕುತ್ತೇನೆ. ಮೋಟಾರ್ ಹಾಕಿ ಒಂದು ಇಡೀ ರಾತ್ರಿಯ ರೆಕಾರ್ಡಿಂಗ್ ನೋಡಿದ ಮೇಲೆ ತೀರ್ಮಾನ.