ಒಂದನ್ನು ಏಕೆ ಕಳೆಯಬೇಕು?

"ಸರ್, ಸರಾಸರಿ ಕಂಡುಹಿಡಿಯುವಾಗ ಎನ್‌ನಿಂದ ಭಾಗಿಸಿದೆವು. ಇಲ್ಲಿ ಮಾತ್ರ ಎನ್ ಮೈನಸ್ ಒನ್ ಏಕೆ?"

ಮಂಗಳವಾರದ ಬಿಸಿನೆಸ್ ಸ್ಟಾಟಿಸ್ಟಿಕ್ಸ್ ತರಗತಿಯಲ್ಲಿ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ ಪ್ರಶ್ನೆಯಿದು. ಎನ್ ಎಂದರೆ ಲೆಕ್ಕಕ್ಕೆ ತೆಗೆದುಕೊಂಡ ಅಂಕಿಗಳು ಎಷ್ಟೆಂಬುದು. ಸೆಮಿಸ್ಟರ್ ಆರಂಭವಾದಾಗಿನಿಂದ ಆಕೆ ತರಗತಿಯಲ್ಲಿ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆಯೆಂದು ಅಳೆಯುವ ಮಾನಕ ವಿಚಲನೆಯ ಸೂತ್ರ ಬೋರ್ಡಿನ ಮೇಲಿತ್ತು. ಅಧ್ಯಾಪಕರು ಅದನ್ನೊಮ್ಮೆ ತಿರುಗಿ ನೋಡಿ, "ಸ್ಯಾಂಪಲ್ ಆದರೆ ಎನ್ ಮೈನಸ್ ಒನ್, ಪಾಪ್ಯುಲೇಷನ್ ಆದರೆ ಎನ್. ಅಷ್ಟು ನೆನಪಿಟ್ಟುಕೊಳ್ಳಮ್ಮ, ಪರೀಕ್ಷೆಗೆ ಸಾಕು" ಎಂದರು. ಪಾಪ್ಯುಲೇಷನ್ ಎಂದರೆ ಇಡೀ ಸಮೂಹ, ಸ್ಯಾಂಪಲ್ ಎಂದರೆ ಅದರಿಂದ ಎತ್ತಿಕೊಂಡ ಕೆಲವು. ಹಿಂದಿನ ಬೆಂಚುಗಳಿಂದ ನಗು ಕೇಳಿಸಿತು. ಆಕೆ ಕುಳಿತು, ಪೆನ್ನಿಗೆ ಮುಚ್ಚಳ ಹಾಕಿದಳು. ತರಗತಿ ಮುಗಿಯುವವರೆಗೂ ಅದನ್ನು ತೆಗೆಯಲಿಲ್ಲ.

ಆ ಅಧ್ಯಾಪಕರ ಬಗ್ಗೆ ನನಗೆ ಗೌರವವಿದೆ. ಒಬ್ಬೊಬ್ಬರ ಲೆಕ್ಕವನ್ನೂ ಸಾಲು ಸಾಲಾಗಿ ತಿದ್ದಿಕೊಡುವವರು ಅವರು. ಮುಗಿಸಲೇಬೇಕಾದ ಪಾಠಗಳ ಪಟ್ಟಿ ಅವರ ಬೆನ್ನ ಹಿಂದೆಯೇ ಇರುತ್ತದೆಂಬುದೂ ನನಗೆ ಗೊತ್ತು. ಆದರೂ ಅಂದು ಅವರು ಮಾಡಿದ್ದು ತಪ್ಪೆಂದೇ ನನ್ನ ಅಭಿಪ್ರಾಯ. ನಕ್ಕವರದು ಅದಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಅವರಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮೂರು ವಾರಗಳಿಂದ ಒಂದನ್ನು ಕಳೆದು ಭಾಗಿಸುತ್ತ, ಸರಿಯುತ್ತರ ಬರೆದು ಪೂರ್ಣ ಅಂಕ ಪಡೆಯುತ್ತಿದ್ದ ನಾನು, ಏಕೆ ಕಳೆಯುತ್ತಿದ್ದೇನೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಎಕ್ಸೆಲ್‌ನಲ್ಲಿ ಇದಕ್ಕೆಂದೇ ಕೊನೆಯಲ್ಲಿ ಪಿ ಇರುವುದೊಂದು, ಎಸ್ ಇರುವುದೊಂದು, ಹೀಗೆ ಎರಡು ಫಂಕ್ಷನ್‌ಗಳಿವೆ. ಯಾವುದನ್ನು ಒತ್ತಬೇಕೆಂಬುದನ್ನಷ್ಟೇ ಕಲಿತಿದ್ದೆ.

ಅಂದು ರಾತ್ರಿ ಸೂತ್ರವನ್ನು ಬದಿಗಿಟ್ಟು, ಇಡೀ ಪಾಪ್ಯುಲೇಷನ್ ಎಂದರೆ ಮೂರೇ ಸಂಖ್ಯೆಗಳು ಎಂದುಕೊಂಡೆ: 2, 4, 6. ಸರಾಸರಿ 4. ಸರಾಸರಿಯಿಂದ ಪ್ರತಿ ಸಂಖ್ಯೆಯ ದೂರವನ್ನು ವರ್ಗ ಮಾಡಿ ಕೂಡಿದರೆ 8. ಮೂರರಿಂದ ಭಾಗಿಸಿದರೆ ವೇರಿಯನ್ಸ್, ಅಂದರೆ ಮಾನಕ ವಿಚಲನೆಯ ವರ್ಗ, ಸುಮಾರು 2.67. ಇದು ನಿಜವಾದ ಬೆಲೆ. ಈಗ ಒಂದು ಸಂಖ್ಯೆಯನ್ನು ಎತ್ತಿ, ಅದನ್ನು ವಾಪಸು ಹಾಕಿ, ಮತ್ತೊಂದನ್ನು ಎತ್ತಿದರೆ ಎರಡೆರಡರ ಒಂಬತ್ತು ಸ್ಯಾಂಪಲ್‌ಗಳು ಸಾಧ್ಯ. ಒಂಬತ್ತನ್ನೂ ಬರೆದೆ. ಪ್ರತಿಯೊಂದಕ್ಕೂ ಅದರದೇ ಸರಾಸರಿಯನ್ನು ಹಿಡಿದು, ಎನ್‌ನಿಂದ, ಅಂದರೆ ಎರಡರಿಂದ, ಭಾಗಿಸಿದಾಗ ಬಂದ ಬೆಲೆಗಳು 0, 1, 4, 1, 0, 1, 4, 1, 0. ಕೂಡಿದರೆ 12, ಒಂಬತ್ತರಿಂದ ಭಾಗಿಸಿದರೆ ಸುಮಾರು 1.33. ನಿಜವಾದ ಬೆಲೆಯ ಸರಿಯಾಗಿ ಅರ್ಧ. ಎರಡರ ಬದಲು ಒಂದರಿಂದ ಭಾಗಿಸಿದಾಗ ಎಲ್ಲವೂ ಇಮ್ಮಡಿಯಾಗಿ ಮೊತ್ತ 24 ಆಯಿತು. ಸರಾಸರಿ ಮತ್ತೆ ಅದೇ 2.67. ಭಿನ್ನರಾಶಿಯಲ್ಲಿ ಬರೆದರೆ ಎರಡೂ ಕಡೆ ಮೂರನೆಯ ಎಂಟು, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆ ಸಾಲನ್ನು ಬರೆದಾಗ ನನಗಾದ ಸಂತೋಷವನ್ನು ಹೇಗೆ ವಿವರಿಸಲಿ? ಪುಸ್ತಕದಲ್ಲಿ ಅಚ್ಚಾಗಿದ್ದ ಒಂದು ಆಜ್ಞೆ ಕಣ್ಣೆದುರೇ ಕಾರಣವಾಗಿ ಬದಲಾಗಿತ್ತು.

ಕಾರಣವೂ ಆ ಹಾಳೆಯಲ್ಲೇ ಇತ್ತು. 2 ಮತ್ತು 4 ಎಂಬ ಸ್ಯಾಂಪಲ್ಲನ್ನೇ ನೋಡಿ. ಅದರ ಸ್ವಂತ ಸರಾಸರಿ 3. ಅಲ್ಲಿಂದ ಅಳೆದ ದೂರಗಳ ವರ್ಗಗಳ ಮೊತ್ತ 2. ನಿಜವಾದ ಸರಾಸರಿ 4ರಿಂದ ಅಳೆದಿದ್ದರೆ ಅದೇ ಮೊತ್ತ 4 ಆಗುತ್ತಿತ್ತು. ಯಾವ ಸಂಖ್ಯಾಸಮೂಹವನ್ನೇ ತೆಗೆದುಕೊಂಡರೂ, ಈ ಮೊತ್ತವನ್ನು ಅತ್ಯಂತ ಕಡಿಮೆ ಮಾಡುವ ಬಿಂದು ಅದರ ಸ್ವಂತ ಸರಾಸರಿಯೇ. ಕೈಯಲ್ಲಿರುವ ನಾಲ್ಕು ಅಂಕಿಗಳಿಂದ ಕೇಂದ್ರವನ್ನು ಗುರುತಿಸಿಕೊಂಡು, ಅದೇ ಕೇಂದ್ರದಿಂದ ಅದೇ ಅಂಕಿಗಳ ಚದುರುವಿಕೆಯನ್ನು ಅಳೆದಾಗ ಅವು ಒಂದಕ್ಕೊಂದು ಇರುವುದಕ್ಕಿಂತ ಹತ್ತಿರ ಕಾಣುತ್ತವೆ. ಒಂದನ್ನು ಕಳೆಯುವುದು ಈ ಕೊರತೆಯನ್ನು ತುಂಬಿಕೊಡುತ್ತದೆ. ಜರ್ಮನಿಯ ಖಗೋಳಶಾಸ್ತ್ರಜ್ಞ ಬೆಸೆಲ್ ಅವರ ಹೆಸರಿನಿಂದ ಇದನ್ನು ಬೆಸೆಲ್ ತಿದ್ದುಪಡಿ ಎಂದು ಕರೆಯುತ್ತಾರೆ.

ಇದು ವ್ಯಾಪಾರ ಕಲಿಯುವವರಿಗೇಕೆ ಎಂದು ಕೇಳುವವರಿದ್ದಾರೆ. ಅಂದು ನಕ್ಕವರಲ್ಲೂ ಹಲವರ ಮಾತು ಅದೇ. ಸ್ಯಾಂಪಲ್ಲಿನಲ್ಲಿ ಸಾವಿರ ಅಂಕಿಗಳಿದ್ದರೆ ಒಂದನ್ನು ಕಳೆದರೂ ಬಿಟ್ಟರೂ ವ್ಯತ್ಯಾಸ ಕಾಣದು, ನಿಜ. ಆದರೆ ಉದ್ಯಮದಲ್ಲಿ ಎಷ್ಟೋ ನಿರ್ಧಾರಗಳು ನಾಲ್ಕು ವಾರಗಳ ಮಾರಾಟವನ್ನೋ ಐದು ಬ್ಯಾಚ್‌ಗಳ ಪರೀಕ್ಷೆಯನ್ನೋ ನಂಬಿ ಆಗುತ್ತವೆ. ನಾಲ್ಕೇ ಅಂಕಿಗಳಿರುವಾಗ ಎನ್‌ನಿಂದ ಭಾಗಿಸಿದರೆ ವೇರಿಯನ್ಸ್ ಸರಾಸರಿಯಾಗಿ ಕಾಲು ಭಾಗದಷ್ಟು ಕಡಿಮೆ ಬರುತ್ತದೆ. ಏರಿಳಿತ ಅಷ್ಟೇ ಎಂದು ನಂಬಿ ದಾಸ್ತಾನು ಇಟ್ಟವನಿಗೆ ಮುಂದಿನ ತಿಂಗಳು ಸರಕು ಸಾಲದೆ ಹೋಗಬಹುದು. ನಾವು ಇನ್ನೆರಡು ಅಧ್ಯಾಯಗಳ ನಂತರ ಕಲಿಯಲಿರುವ ಟಿ-ಪರೀಕ್ಷೆ ಹುಟ್ಟಿದ್ದೂ ಇಂಥ ಇಕ್ಕಟ್ಟಿನಲ್ಲೇ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ ಅವರಿಗೆ ಸಿಗುತ್ತಿದ್ದದ್ದು ಚಿಕ್ಕ ಸ್ಯಾಂಪಲ್‌ಗಳು. ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಕೇಳಿಕೊಂಡ ಅವರು 1908ರಲ್ಲಿ ಬಯೊಮೆಟ್ರಿಕಾ ಪತ್ರಿಕೆಯಲ್ಲಿ ತಮ್ಮ ಲೇಖನ ಪ್ರಕಟಿಸಿದರು, ಸ್ವಂತ ಹೆಸರಿನಲ್ಲಲ್ಲ, 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ. ಕಾರ್ಖಾನೆಯ ಉದ್ಯೋಗಿಯೊಬ್ಬರು ತಮ್ಮನ್ನು ವಿದ್ಯಾರ್ಥಿಯೆಂದು ಕರೆದುಕೊಂಡು ಕೇಳಿದ ಪ್ರಶ್ನೆಯ ಉತ್ತರವನ್ನು ನಾವು ಕೋಷ್ಟಕವಾಗಿ ಬಳಸುತ್ತೇವೆ. ನಮ್ಮ ತರಗತಿಯ ವಿದ್ಯಾರ್ಥಿನಿ ಅದೇ ಜಾತಿಯ ಪ್ರಶ್ನೆ ಕೇಳಿದಾಗ ನಗುತ್ತೇವೆ.

ಎರಡು ದಿನಗಳಿಂದ ಆ ಮುಚ್ಚಳ ಹಾಕಿದ ಪೆನ್ನೇ ನನ್ನ ಕಣ್ಣ ಮುಂದೆ ಬರುತ್ತಿದೆ. ಆಕೆಗೆ ತಾನೊಬ್ಬಳೇ ಅರ್ಥವಾಗದವಳೆಂದು ಅನ್ನಿಸಿರಬೇಕು. ಸುತ್ತ ಕುಳಿತಿದ್ದ ನಮಗೆಲ್ಲ ನಾವು ತಿಳಿದವರೆನ್ನಿಸಿತ್ತು, ಏಕೆಂದರೆ ನಮ್ಮ ತಿಳಿವಳಿಕೆಯನ್ನು ನಾವು ಅಳೆದದ್ದು ನಾವೇ ಪಡೆದ ಅಂಕಗಳಿಂದ. ತನ್ನದೇ ಕೇಂದ್ರದಿಂದ ತನ್ನನ್ನು ಅಳೆದುಕೊಂಡ ಸ್ಯಾಂಪಲ್ಲಿಗೆ ಏನಾಗುತ್ತದೆಯೋ ನಮ್ಮ ತರಗತಿಗೂ ಅದೇ ಆಗಿತ್ತು. ದೋಷ ಇಷ್ಟೆಂದು ತಿಳಿದು ಮೊದಲೇ ಅದಕ್ಕೆ ಲೆಕ್ಕ ಕಟ್ಟಿಡುವ ಶಾಸ್ತ್ರವನ್ನು ಕಲಿಯುತ್ತ, ಆ ಲೆಕ್ಕ ಏಕಿದೆಯೆಂದು ಕೇಳಿದವಳನ್ನು ಕುಳ್ಳಿರಿಸಿದ್ದು ನನಗೆ ಈಗಲೂ ನೋವಿನ ಸಂಗತಿ.

ಗುರುವಾರ ತರಗತಿಗೆ ಮುಂಚೆ ಹಾಳೆಯನ್ನು ಆಕೆಯ ಮುಂದಿಟ್ಟು, "ನೀವು ಮೊನ್ನೆ ಕೇಳಿದ್ದಕ್ಕೆ" ಎಂದಷ್ಟೇ ಹೇಳಿದೆ. ಆಕೆ ಒಂಬತ್ತು ಸಾಲುಗಳನ್ನೂ ಬೆರಳಿಟ್ಟು ಓದಿ, ಎರಡು ಮೊತ್ತಗಳನ್ನೂ ತಾನೇ ಕೂಡಿ ನೋಡಿದಳು. ಬಹಳ ಹೊತ್ತಿನ ನಂತರ, "ಎತ್ತಿದ ಸಂಖ್ಯೆಯನ್ನು ವಾಪಸು ಹಾಕದಿದ್ದರೆ?" ಎಂದು ಕೇಳಿದಳು. ನಾನು ಅದನ್ನು ಯೋಚಿಸಿರಲಿಲ್ಲ. ಹಾಗಾದರೆ ಜೋಡಿಗಳು ಮೂರೇ ಉಳಿಯುತ್ತವೆ. ಒಂದು ಕಳೆದು ಭಾಗಿಸಿದಾಗ ಬಂದ ಬೆಲೆಗಳು 2, 8, 2, ಸರಾಸರಿ 4. 2.67 ಬರಲಿಲ್ಲ. ಇಬ್ಬರೂ ಹಾಳೆಯನ್ನೇ ನೋಡುತ್ತ ಕುಳಿತೆವು. ಅಧ್ಯಾಪಕರು ಒಳಗೆ ಬಂದು ಹಾಜರಿ ತೆಗೆದುಕೊಳ್ಳಲಾರಂಭಿಸಿದಾಗ ಆಕೆ ಪೆನ್ನಿನ ಮುಚ್ಚಳ ತೆಗೆದು, ಮೇಲಿದ್ದ ಮೊದಲ ಮೊತ್ತ 8ರ ಕೆಳಗೆ ನಾನು ಬರೆದಿದ್ದ 3ನ್ನು ಹೊಡೆದುಹಾಕಿ 2 ಎಂದು ಬರೆದು, ಹಾಳೆಯನ್ನು ನನ್ನ ಕಡೆ ತಳ್ಳಿದಳು. ಎಂಟನ್ನು ಎರಡರಿಂದ ಭಾಗಿಸಿದರೆ ನಾಲ್ಕು.