ಕೀಚಕ ಒದ್ದಾಗ ಸುಮ್ಮನೆ ಕೂತವರು

ತೀರ್ಥಹಳ್ಳಿ
19 ಜನವರಿ 2025, ಭಾನುವಾರ

ಯಕ್ಷಗಾನದ ಆಟ ನೋಡಿ ಮನೆಗೆ ಬಂದಾಗ ಕೋಳಿ ಕೂಗುತ್ತಿತ್ತು. ಬೆಳಿಗ್ಗೆ ಅಡಿಕೆ ಸುಲಿಯಲು ಕೂತರೂ ತಲೆಯಲ್ಲಿ ಚಂಡೆ ನಿಂತಿರಲಿಲ್ಲ. ರಾತ್ರಿ ನೋಡಿದ್ದು ಕೀಚಕ ವಧೆ. ವಲಲನ ವೇಷದ ಭೀಮನಿಗೆ ಜನ ಶಿಳ್ಳೆ ಹೊಡೆದಿದ್ದೇ ಹೊಡೆದಿದ್ದು. ಮನಶ್ಶಾಸ್ತ್ರ ಓದಿದವಳ ಚಾಳಿ ನೋಡಿ, ನಾನು ಅವನನ್ನೂ ಬಿಡಲಿಲ್ಲ.

ಅವನ ಸಿಟ್ಟು ನಿಜಕ್ಕೂ ಯಾರ ಮೇಲೆ? ಜೂಜಿನ ಸಭೆಯಲ್ಲಿ ಅವನು ಸಹದೇವನಿಗೆ ಬೆಂಕಿ ತಾ ಅಂದಿದ್ದ, ಅಣ್ಣನ ಕೈ ಸುಡಲು. ಅರ್ಜುನ ತಡೆದ. ವಿರಾಟನ ಸಭೆಯಲ್ಲಿ ಕೀಚಕ ದ್ರೌಪದಿಯನ್ನು ಒದ್ದಾಗ ಭೀಮನ ಕಣ್ಣು ಮರದ ಮೇಲೆ ಹೋಯಿತು. ಸೌದೆ ಬೇಕಿದ್ದರೆ ಹೊರಗೆ ಹೋಗಿ ಕಡಿದುಕೋ ಅಂತ ಕಂಕನಾಗಿದ್ದ ಅದೇ ಅಣ್ಣ ಉಪಾಯವಾಗಿ ತಡೆದ. ಹತಾಶೆಯಿಂದ ಆಕ್ರಮಣ ಹುಟ್ಟುತ್ತದೆ, ಕಾರಣನಾದವನನ್ನು ಮುಟ್ಟಲು ಆಗದಿದ್ದರೆ ಅದು ಬೇರೆಯವರ ಕಡೆ ತಿರುಗುತ್ತದೆ ಅಂತ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಡಾಲರ್ಡ್ ಮತ್ತು ಜೊತೆಗಾರರು 1939ರಲ್ಲಿ ಬರೆದರು. ನಮ್ಮಲ್ಲಿ ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅದೇ. ಕೀಚಕ ಪಾಪದ ಕೊತ್ತಿಯೇನಲ್ಲ ಬಿಡಿ. ಆದರೂ ದ್ರೌಪದಿಯನ್ನು ಕಾಪಾಡಲು ಅವನನ್ನು ಕೊಂದರೆ ಸಾಕಿತ್ತು. ಕೈಕಾಲು, ತಲೆಯನ್ನೆಲ್ಲ ಒಳಕ್ಕೆ ತುರುಕಿ ಮಾಂಸದ ಮುದ್ದೆ ಮಾಡಿದನಲ್ಲ, ಆ ಜಾಸ್ತಿ ಸಿಟ್ಟು ಹದಿಮೂರು ವರ್ಷದ ಹಳೇ ಬಾಕಿ ಅಂತ ನನಗನಿಸುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಆ ಸಭೆ. ತುಂಬಿದ ಸಭೆ, ಒಬ್ಬರೂ ಏಳಲಿಲ್ಲ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಬಗ್ಗೆ ಬರೆದರು. ಪಕ್ಕದ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದಂತೆ ಇಂಟರ್‌ಕಾಮ್‌ನಲ್ಲಿ ಕೇಳಿಸುತ್ತದೆ. ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ 85% ಜನ ಆ ದನಿ ನಿಲ್ಲುವುದರೊಳಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಎದ್ದವರು 31% ಮಾತ್ರ. ಯಾರಾದರೂ ಹೋಗ್ತಾರೆ ಬಿಡು ಅನ್ನುವ ಲೆಕ್ಕ.

ದ್ರೌಪದಿಗೆ ಇದು ಅರ್ಥವಾಗಿತ್ತು ಅನಿಸುತ್ತದೆ. ಹಗಲು ಇಡೀ ಸಭೆಯನ್ನು ಕೇಳಿದಳು, ಏನೂ ಸಿಗಲಿಲ್ಲ. ರಾತ್ರಿ ಅಡುಗೆಮನೆಗೆ ಹೋಗಿ ಒಬ್ಬನನ್ನೇ ಎಬ್ಬಿಸಿದಳು. ಐವರಲ್ಲಿ ಒಬ್ಬನನ್ನು! ಆಟದಲ್ಲಿ ಆ ಭಾಗವನ್ನು ಭಾಗವತರು ಸಣ್ಣ ದನಿಯಲ್ಲಿ ಹಾಡಿದರು. ಅಲ್ಲಿ ಮಾತ್ರ ಯಾರೂ ಶಿಳ್ಳೆ ಹೊಡೆಯಲಿಲ್ಲ.

ಹೋದ ವಾರ ಶಿವಮೊಗ್ಗದಿಂದ ಬರುವಾಗ ಬಸ್ಸಿನಲ್ಲಿ ಒಬ್ಬ ಕುಡುಕ ಕಾಲೇಜು ಹುಡುಗಿಯ ಮೈಮೇಲೆ ವಾಲುತ್ತಿದ್ದ. ಬಸ್ಸು ತುಂಬ ಜನ. ಎಲ್ಲರೂ ಕಿಟಕಿಯಾಚೆ ನೋಡುವವರೇ. ನಾನು ಮೊಬೈಲ್ ನೋಡುತ್ತಿದ್ದೆ. ಆಗ ಆ ಹುಡುಗಿ ನನ್ನ ಕಡೆಗೇ ತಿರುಗಿ, "ಅಕ್ಕಾ, ನೀವು ಇಲ್ಲಿ ಬಂದು ಕೂರ್ತೀರಾ?" ಅಂದಳು. ಎದ್ದು ಹೋದೆ. ನಾನು ನಿಂತಿದ್ದೇ ತಡ, ಹಿಂದಿನ ಸೀಟಿನ ಇಬ್ಬರು ಅವನನ್ನು ಗದರಿಸಿ ಮುಂದಕ್ಕೆ ಕಳಿಸಿದರು.

ಮಂಡಗದ್ದೆಯಿಂದಲೂ ನನ್ನ ಮೊಬೈಲ್‌ನಲ್ಲಿ ನೆಟ್‌ವರ್ಕೇ ಇರಲಿಲ್ಲ.