ಬಾಗಿದ ಕಿರುಬೆರಳು

ಮಂಗಳವಾರ ಸಂಜೆ ಮಗ ಅಮೆರಿಕನ್ ಫುಟ್‌ಬಾಲ್ ಪ್ರಾಕ್ಟೀಸ್ ಮುಗಿಸಿ ಬಂದಾಗ ಕಿರುಬೆರಳು ಬಾತುಕೊಂಡಿತ್ತು. ಐಸ್ ಹಿಡಿಯುತ್ತಾ ಬೈಯುತ್ತಲೇ ಇದ್ದೆ. "ಆಟಾನೋ ಓದೋ, ಯಾವುದಾದ್ರೂ ಒಂದು ಆರಿಸ್ಕೋ. ಎರಡೂ ಆಗಲ್ಲ."

ಅವನು ಜಗಳ ಆಡಲಿಲ್ಲ. ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಒಂದು ಫೋಟೋ ತೋರಿಸಿದ. ಬೋ ಟೈ ಕಟ್ಟಿದ ಹಿರಿಯರೊಬ್ಬರು. ಅವರ ಕಿರುಬೆರಳು ನಡುವೆ ಮುರಿದ ಕಡ್ಡಿಯ ಹಾಗೆ ಪಕ್ಕಕ್ಕೆ ತಿರುಗಿತ್ತು.

"ಈ ಬೆರಳು ಇಟ್ಕೊಂಡೇ ಸುಪ್ರೀಂ ಕೋರ್ಟ್ ಜಡ್ಜ್ ಆದ್ರು ಅಮ್ಮಾ. ನನ್ನ ಹಳೇ ಸ್ಕೂಲಿಗೆ ಇವರದ್ದೇ ಹೆಸರು ಅಲ್ವಾ?"

ಹೌದು, ಜಸ್ಟಿಸ್ ಪೇಜ್ ಮಿಡಲ್ ಸ್ಕೂಲ್. ಮೂರು ವರ್ಷ ಆ ಬೋರ್ಡಿನ ಮುಂದೆ ಕಾರು ನಿಲ್ಲಿಸಿದ್ದೇನೆ. ಪೇಜ್ ಯಾರು ಎಂದು ಒಂದು ದಿನವೂ ಕೇಳಿರಲಿಲ್ಲ. ಮೊದಲು ಅದಕ್ಕೆ ಅಲೆಕ್ಸಾಂಡರ್ ರಾಮ್ಸಿ ಹೆಸರಿತ್ತಂತೆ. ಇಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರನ್ನು ನಮ್ಮ ಈ ಮಿನೆಸೋಟ ರಾಜ್ಯದಿಂದಲೇ ಇಲ್ಲವಾಗಿಸಬೇಕು ಎಂದಿದ್ದ ಗವರ್ನರ್ ಅವನು. 2017ರಲ್ಲಿ ಆ ಹೆಸರು ಹೋಗಿ ಅಲನ್ ಪೇಜ್ ಹೆಸರು ಬಂತು. ಅದಕ್ಕಾಗಿ ಪಟ್ಟು ಹಿಡಿದವರು ಶಾಲೆಯ ಮಕ್ಕಳು. ದೊಡ್ಡವರಿಗಿಂತ ಮಕ್ಕಳಿಗೇ ಜಾಸ್ತಿ ಗೊತ್ತಾಗುತ್ತೆ ಅನಿಸುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಅದೇ ಬೆರಳು. ಎದ್ದು ಕೂತು ಓದಿದೆ.

ಪೇಜ್ ಆಡಿದ್ದೂ ನನ್ನ ಮಗನ ಜಾಗದಲ್ಲೇ, ಡಿಫೆನ್ಸಿವ್ ಟ್ಯಾಕಲ್. ಚೆಂಡು ಎಸೆಯುವವನನ್ನು ಕಾಯಲು ಎದುರು ತಂಡದ ಐದು ಜನ ಗಟ್ಟಿಗರು ಗೋಡೆಯಾಗಿ ನಿಲ್ಲುತ್ತಾರೆ. ಆ ಗೋಡೆ ಒಡೆದು ನುಗ್ಗಬೇಕು. ಪ್ರತಿ ಸಲವೂ ಮೈಗೆ ಮೈ ಅಪ್ಪಳಿಸಬೇಕು. ಹಾಗೆ ಆಡಿ ಆಡಿಯೇ ಅವರ ಬೆರಳು ಜಾರಿದ್ದು. ಆದರೂ 1967ರಿಂದ 1981ರವರೆಗೆ ಒಂದೂ ಪಂದ್ಯ ತಪ್ಪಿಸದೆ 218 ಪಂದ್ಯ ಆಡಿದ್ದಾರೆ. 1971ರಲ್ಲಿ ಇಡೀ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ. ಡಿಫೆನ್ಸ್ ಆಡುವವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಮಿನೆಸೋಟದ ವೈಕಿಂಗ್ಸ್ ತಂಡದ ಜೊತೆ ನಾಲ್ಕು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಆಡಿ ನಾಲ್ಕೂ ಸೋತರು.

ಈ ನಡುವೆಯೇ ಲಾ ಓದುತ್ತಿದ್ದರು. ಮೊದಲ ಸಲ ಸೇರಿದಾಗ ಮೂರೇ ವಾರಕ್ಕೆ ಬಿಟ್ಟಿದ್ದರು. ಮತ್ತೆ ಸೇರಿ, ಆಡುತ್ತಲೇ 1978ರಲ್ಲಿ ಡಿಗ್ರಿ ಪಡೆದರು. ಅದೇ ವರ್ಷ ವೈಕಿಂಗ್ಸ್ ಅವರನ್ನು ಕೈಬಿಟ್ಟಿತು. ಓಡಿ ಓಡಿ ತೂಕ ಇಳಿಸಿಕೊಂಡಿದ್ದು ತಂಡಕ್ಕೆ ಸರಿಬರಲಿಲ್ಲ. ಅಷ್ಟು ವರ್ಷ ದುಡಿದವರನ್ನು ಹಾಗೆ ಕಳಿಸಬಾರದಿತ್ತು. ಅವರು ಶಿಕಾಗೋಗೆ ಹೋಗಿ ಇನ್ನೂ ಮೂರು ವರ್ಷ ಆಡಿದರು. 1992ರಲ್ಲಿ ಚುನಾವಣೆ ಗೆದ್ದು ಮಿನೆಸೋಟ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು. ಇಲ್ಲಿ ಒಂದೊಂದು ರಾಜ್ಯಕ್ಕೂ ಒಂದು ಸುಪ್ರೀಂ ಕೋರ್ಟ್, ನಮ್ಮ ಹೈಕೋರ್ಟ್ ಇದ್ದ ಹಾಗೆ. 70 ತುಂಬಿದಾಗ, 2015ರಲ್ಲಿ ನಿವೃತ್ತರಾದರು.

ಇದಿಷ್ಟೇ ಆಗಿದ್ದರೆ ಮಲಗುತ್ತಿದ್ದೆನೋ ಏನೋ. ನನ್ನನ್ನು ಹಿಡಿದು ಕೂರಿಸಿದ್ದು ಬೇರೆ. ಪೇಜ್ ಹುಟ್ಟೂರು ಒಹಾಯೋದ ಕ್ಯಾಂಟನ್. ಅಲ್ಲಿ ದೊಡ್ಡ ಆಟಗಾರರನ್ನು ಗೌರವಿಸುವ ಫುಟ್‌ಬಾಲ್ ಹಾಲ್ ಆಫ್ ಫೇಮ್ ಕಟ್ಟುವಾಗ ಹುಡುಗ ಪೇಜ್ ಕಟ್ಟಡದ ಕೆಲಸಕ್ಕೆ ಹೋಗಿದ್ದರು. 1988ರಲ್ಲಿ ಅದೇ ಹಾಲ್ ಅವರನ್ನು ಒಳಗೆ ಸೇರಿಸಿಕೊಂಡಿತು. ಅವತ್ತು ತಮ್ಮನ್ನು ಪರಿಚಯಿಸಲು ಅವರು ಕೋಚ್‌ನನ್ನು ಕರೆಯಲಿಲ್ಲ. ಮಿನಿಯಾಪೊಲಿಸ್‌ನ ಹೈಸ್ಕೂಲ್ ಪ್ರಿನ್ಸಿಪಾಲ್ ವಿಲರೀನ್ ಬೀಸ್ಲಿಯವರನ್ನು ಕರೆದರು. ಭಾಷಣದಲ್ಲಿ ಆಟಕ್ಕಿಂತ ಓದಿನ ಮಾತೇ ಜಾಸ್ತಿ. ಒಮ್ಮೆ ತಂಡದ ಮೀಟಿಂಗಿನಲ್ಲಿ ಆಟದ ತಂತ್ರಗಳ ಪುಸ್ತಕವನ್ನು ಆಟಗಾರರು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಬೇಕಾಯಿತಂತೆ. ಕೆಲವರಿಗೆ ಓದಲು ಬರಲೇ ಇಲ್ಲ.

ಕಾಲೇಜಿಗೂ ಹೋಗಿ ಬಂದ ಗಂಡಸರು! ಅವರು ಚೆನ್ನಾಗಿ ಆಡುತ್ತಿದ್ದರು. ಅದಕ್ಕೇ ಪ್ರತಿ ತರಗತಿಯಲ್ಲೂ ಯಾರೋ ಸುಮ್ನೆ ಮುಂದಕ್ಕೆ ತಳ್ಳಿದ್ದಾರೆ.

ಇಲ್ಲಿಗೆ ಬಂದಾಗ ನಮ್ಮ ಊರಿನ ಒಬ್ಬ ಹುಡುಗ ನೆನಪಾದ. ಹೈಸ್ಕೂಲ್ ಕಬಡ್ಡಿ ಟೀಮಿನಲ್ಲಿದ್ದ. ತಾಲ್ಲೂಕು ಷೀಲ್ಡ್ ಗೆದ್ದಾಗ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ್ದರು. ಕ್ಲಾಸಿನಲ್ಲಿ ಕೊನೇ ಬೆಂಚು. ಅವನಿಗೆ ಮೇಷ್ಟ್ರು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಅದು ಪ್ರೀತಿ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಎಸ್ಸೆಸ್ಸೆಲ್ಸಿ ಫೇಲಾದ ದಿನ ಅವನ ಮನೆಗೆ ಯಾರೂ ಹೋಗಲಿಲ್ಲ. ಪಕ್ಕದ ಬೀದಿಯಲ್ಲೇ ಇದ್ದ ನಾನೂ ಹೋಗಲಿಲ್ಲ.

'ಒಂದು ಆರಿಸ್ಕೋ' ಅಂತ ಅವನಿಗೆ ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಅವನ ಪರವಾಗಿ ಬೇರೆಯವರೇ ಆರಿಸಿಬಿಟ್ಟಿದ್ದರು. ನಾನು ಮಗನಿಗೆ ಅಂದಿದ್ದೂ ಅದನ್ನೇ, ಇನ್ನೊಂದು ಕಡೆಯಿಂದ. ನಮ್ಮ ಇಲ್ಲಿನ ಕನ್ನಡದ ಮನೆಗಳಲ್ಲಿ ಎಲ್ಲರೂ ಅನ್ನುವುದು ಅದನ್ನೇ. ನಮ್ಮ ಯಜಮಾನರು ಮಾತ್ರ ಅನ್ನುವುದಿಲ್ಲ. ಆಫೀಸಿನಿಂದ ಬಂದು ಸುಮ್ಮನೆ ಅವನ ಶೂ ಒಣಗಿಸುತ್ತಾರೆ. ಅವರೇ ಸರಿ.

ಎಕ್ಸ್-ರೇ ತೆಗೆಸಿದೆವು, ಮೂಳೆ ಮುರಿದಿಲ್ಲ. ಗುರುವಾರ ರಾತ್ರಿ ಕಿರುಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿಕೊಂಡು ಲೆಕ್ಕ ಮಾಡುತ್ತಾ ಕೂತಿದ್ದ. ಪಕ್ಕದಲ್ಲಿ ಹಾಲು ಇಟ್ಟೆ.

"ನಾಳೆ ಮ್ಯಾಚ್ ಎಷ್ಟು ಗಂಟೆಗೆ?" ಅಂದೆ.

ತಲೆ ಎತ್ತಿ ನನ್ನ ಮುಖ ನೋಡಿದ.

"ಏಳಕ್ಕೆ. ನೀನೂ ಬರ್ತೀಯಾ?"